ಹೆಸರು ಬೇರೆಯವರದು, ಹೊಡೆತ ನಕಾಟಾರದು

ಎರಡೇ ನಿಮಿಷದ ವಿಡಿಯೊ. ಹಳೆಯ ಟೇಪಿನಿಂದ ಇಳಿಸಿಕೊಂಡದ್ದಿರಬೇಕು, ಚಿತ್ರ ಮಸುಕು ಮಸುಕು. 2001ರ ಮೇ 6, ಇಟಲಿಯ ಟುರಿನ್ ನಗರದ ಡೆಲೆ ಆಲ್ಪಿ ಕ್ರೀಡಾಂಗಣ. ಪಂದ್ಯ ಶುರುವಾಗಿ ಆರು ನಿಮಿಷ ಆಗುವಷ್ಟರಲ್ಲೇ ಡೆಲ್ ಪಿಯೆರೊ ಒಂದು, ಜಿದಾನ್ ಒಂದು ಗೋಲು ಹೊಡೆದು ಯುವೆಂಟಸ್ ತಂಡಕ್ಕೆ 2–0 ಮುನ್ನಡೆ ಕೊಟ್ಟಿದ್ದರು. ರೋಮಾ ತಂಡಕ್ಕೆ ಆ ವರ್ಷದ ಲೀಗ್ ಪಟ್ಟ ಕೈಗೆ ಎಟುಕುವಷ್ಟು ಹತ್ತಿರದಲ್ಲಿತ್ತು. ಬೆನ್ನು ಹತ್ತಿದ್ದು ಇದೇ ಯುವೆಂಟಸ್. ಒಂದು ಗಂಟೆಯ ಆಟ ಮುಗಿದಾಗ ರೋಮಾದ ಕೋಚ್ ಫ್ಯಾಬಿಯೊ ಕಪೆಲ್ಲೊ, ಇಡೀ ಊರು ತಲೆ ಮೇಲೆ ಹೊತ್ತು ಕುಣಿಯುತ್ತಿದ್ದ ನಾಯಕ ಟೊಟ್ಟಿಯನ್ನೇ ಹೊರಗೆ ಕರೆದರು. ಒಳಗೆ ಹೋದವರು 24 ವರ್ಷದ ಜಪಾನಿ ಮಿಡ್‌ಫೀಲ್ಡರ್, ಹಿಡೆಟೋಶಿ ನಕಾಟಾ.

79ನೇ ನಿಮಿಷ. ಮೈದಾನದ ನಡುಭಾಗದಲ್ಲಿ ಚೆಂಡು ನಕಾಟಾ ಪಾಲಾಯಿತು. ನಾಲ್ಕಾರು ಹೆಜ್ಜೆ ಮುಂದೆ ಓಡಿದರು. ಎದುರಿನ ರಕ್ಷಣಾ ಆಟಗಾರರು ಹಿಂದೆ ಸರಿದರೇ ಹೊರತು ಮೇಲೆ ಬರಲಿಲ್ಲ, ಅಷ್ಟು ದೂರದಿಂದ ಯಾರು ಹೊಡೆದಾರು ಎಂಬ ಲೆಕ್ಕ. ನಕಾಟಾ ಹೊಡೆದರು. ಬಲಗಾಲಿನಿಂದ ಚಿಮ್ಮಿದ ಚೆಂಡು ಗೋಲ್‌ಕೀಪರ್ ವಾನ್ ಡರ್ ಸಾರ್ ಚಾಚಿದ ಕೈಯನ್ನು ದಾಟಿ ಬಲೆಯ ಮೇಲ್ಮೂಲೆಯಲ್ಲಿ ಕೂತಿತು. ಪಂದ್ಯದ ಹೆಚ್ಚುವರಿ ಸಮಯದಲ್ಲಿ ನಕಾಟಾ ಮತ್ತೆ ದೂರದಿಂದಲೇ ಒದ್ದರು. ಈ ಸಲ ವಾನ್ ಡರ್ ಸಾರ್ ತಡೆದರು, ಆದರೆ ಹಿಡಿಯಲಾಗಲಿಲ್ಲ. ಮರಳಿ ಬಂದ ಚೆಂಡನ್ನು ಮೊಂಟೆಲ್ಲಾ ಒಳಗೆ ತಳ್ಳಿದರು. 2–2.

ಋತು ಮುಗಿದಾಗ ರೋಮಾ 75 ಅಂಕ, ಯುವೆಂಟಸ್ 73. ಅಂದು ಯುವೆಂಟಸ್ ಗೆದ್ದಿದ್ದರೆ ಅದರದು 75 ಆಗುತ್ತಿತ್ತು, ರೋಮಾದು 74. 1983ರ ನಂತರ ಪಟ್ಟಕ್ಕೆ ಹಾತೊರೆದು ಕೂತಿದ್ದ ರೋಮಾ ಅಭಿಮಾನಿಗಳು ಇನ್ನೆಷ್ಟು ವರ್ಷ ಕಾಯಬೇಕಿತ್ತೋ. ಇನ್ನೂ ಒಂದು ಮಾತಿದೆ. ಯುರೋಪಿನ ಒಕ್ಕೂಟಕ್ಕೆ ಸೇರದ ದೇಶಗಳ ಆಟಗಾರರನ್ನು ಇಷ್ಟೇ ಮಂದಿ ಆಡಿಸಬೇಕು ಎಂಬ ಮಿತಿ ಇಟಲಿಯ ಲೀಗಿನಲ್ಲಿತ್ತು. ಅದರಿಂದಾಗಿ ನಕಾಟಾ ಎಷ್ಟೋ ಪಂದ್ಯಗಳಲ್ಲಿ ಹೊರಗೇ ಉಳಿದಿದ್ದರು. ಆ ನಿಯಮ ಹೋಗಿದ್ದು ಈ ಪಂದ್ಯಕ್ಕೆ ಕೆಲವೇ ದಿನ ಮೊದಲು.

ಈ ವಿಡಿಯೊ ನನಗೆ ಮತ್ತೆ ಸಿಕ್ಕಿದ್ದು ನನ್ನ ತಂಗಿಯ ಮಗನ ಮೊಬೈಲಿನಲ್ಲಿ. ನಕಾಟಾ ಬೂಟು ಕಳಚಿಟ್ಟ ಎರಡು ವರ್ಷದ ನಂತರ ಹುಟ್ಟಿದ ಹುಡುಗ ಅವನು. "ಮಾಮ, ಇವರು ಗೊತ್ತಾ ನಿಂಗೆ?" ಎಂದು ಕೇಳಿದ. ಗೊತ್ತೇ ಎಂದರೆ ಏನು ಹೇಳಲಿ. ಅವನ ಬಳಿ ಇಂಥವು ಸಾಲು ಸಾಲಾಗಿದ್ದವು. ಪಾರ್ಮಾ ತಂಡದ ಹಳದಿ–ನೀಲಿ ಪಟ್ಟೆಯ ಹತ್ತನೇ ನಂಬರಿನ ಅಂಗಿಯಲ್ಲಿ ನಕಾಟಾ. 1998ರ ವಿಶ್ವಕಪ್‌ನಲ್ಲಿ ಬಣ್ಣ ತೆಗೆಸಿದ ಕೂದಲಿನ ನಕಾಟಾ. ವಿಮಾನ ನಿಲ್ದಾಣದಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು, ಯಾರತ್ತಲೂ ತಿರುಗದೆ ನಡೆದುಹೋಗುವ ನಕಾಟಾ. ಟೆರ್ರಿ ಗಿಲಿಯಮ್ ನಿರ್ದೇಶಿಸಿದ ನೈಕಿ ಜಾಹೀರಾತಿನಲ್ಲಿ, ಹಡಗಿನೊಳಗಿನ ಪಂಜರದಲ್ಲಿ ಹೆನ್ರಿ ಮತ್ತು ಟೊಟ್ಟಿ ಜೊತೆ ಆಡುವ ನಕಾಟಾ. ಹಳೆಯ ಜೆರ್ಸಿಗಳನ್ನು ಹುಡುಕಿ ಕೊಳ್ಳುವ ಹೊಸ ಹುಡುಗರಿಗೆ ಅವರ ಹೆಸರಿರುವ ಅಂಗಿ ಈಗ ಒಡವೆ ಇದ್ದ ಹಾಗೆ.

ಈ ಜನಪ್ರಿಯತೆ ನನಗೆ ಖುಷಿಯ ವಿಷಯ. ಆದರೂ ಆ ತುಣುಕುಗಳನ್ನು ಒಂದರ ಹಿಂದೊಂದು ನೋಡುತ್ತಾ ಹೋದ ಹಾಗೆ ಮನಸ್ಸು ಚುರುಕ್ ಎಂದಿತು. ಕೂದಲಿದೆ, ಕನ್ನಡಕವಿದೆ, ಟುರಿನ್‌ನ ಆ ಗೋಲಿದೆ. ಅವರ ಪಾಸ್ ಇಲ್ಲ. ನಕಾಟಾ ಎಂದರೆ ಪಾಸ್.

ಸ್ವಲ್ಪ ಹಿಂದೆ ಹೋಗಿಯೇ ಹೇಳಬೇಕು. 1977ರ ಜನವರಿ 22ರಂದು ಯಮನಾಶಿ ಪ್ರಾಂತದ ಕೋಫು ಊರಿನಲ್ಲಿ ನಕಾಟಾ ಹುಟ್ಟಿದರು. ಜಪಾನಿನಲ್ಲಿ ಆಗ ಬೇಸ್‌ಬಾಲ್‌ನದೇ ಆಳ್ವಿಕೆ. ಫುಟ್‌ಬಾಲ್ ಕಂಪನಿ ತಂಡಗಳ ಆಟ. ಹಗಲು ಕಚೇರಿ, ಸಂಜೆ ಅಭ್ಯಾಸ. 1981ರಲ್ಲಿ ಯೋಯಿಚಿ ತಕಹಾಶಿ ಎಂಬ ಚಿತ್ರಕಾರ 'ಕ್ಯಾಪ್ಟನ್ ತ್ಸುಬಾಸಾ' ಎಂಬ ಚಿತ್ರಕಥೆ ಶುರು ಮಾಡಿದ ಮೇಲೆ ಒಂದಿಡೀ ತಲೆಮಾರಿನ ಮಕ್ಕಳು ಚೆಂಡು ಒದೆಯಲು ಬೀದಿಗಿಳಿದರು. ಆ ಮಕ್ಕಳಲ್ಲಿ ನಕಾಟಾ ಕೂಡ ಒಬ್ಬರು. 1993ರಲ್ಲಿ ವೃತ್ತಿಪರ ಜೆ ಲೀಗ್ ಹುಟ್ಟಿತು. 1995ರಲ್ಲಿ ಹೈಸ್ಕೂಲ್ ಮುಗಿಸಿದ ನಕಾಟಾ ಬೆಲ್ಮಾರೆ ಹಿರಾತ್ಸುಕಾ ತಂಡ ಸೇರಿದರು. ಮರುವರ್ಷ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಜಪಾನ್ ಬ್ರೆಜಿಲ್ಲನ್ನು 1–0ಯಿಂದ ಮಣಿಸಿದಾಗ ಅವರು ಆ ತಂಡದಲ್ಲಿದ್ದರು.

ಆದರೆ ಜಪಾನಿಗೆ ನಕಾಟಾ ನಕಾಟಾ ಆಗಿದ್ದು 1997ರ ನವೆಂಬರ್ 16ರ ರಾತ್ರಿ, ಮಲೇಷ್ಯಾದ ಜೊಹೊರ್ ಬಾಹ್ರುವಿನಲ್ಲಿ. ಎದುರಾಳಿ ಇರಾನ್. ಗೆದ್ದವರಿಗೆ ಫ್ರಾನ್ಸ್ ವಿಶ್ವಕಪ್‌ನ ನೇರ ಟಿಕೆಟ್ಟು. ಜಪಾನ್ ಅದುವರೆಗೆ ಒಂದು ವಿಶ್ವಕಪ್ಪನ್ನೂ ಆಡಿರಲಿಲ್ಲ. ಮೊದಲ ಗೋಲು ನಕಾಯಾಮಾ ಅವರದು. ರಕ್ಷಣಾ ಆಟಗಾರರ ಸಂದಿಯಲ್ಲಿ ಚೆಂಡು ತೂರಿಸಿ ಕೊಟ್ಟವರು ನಕಾಟಾ. ಮಧ್ಯಂತರದ ನಂತರ ಅಜೀಜಿ, ಅಲಿ ದಾಯಿ ಹೊಡೆದ ಗೋಲುಗಳಿಂದ ಇರಾನ್ 2–1ರಿಂದ ಮುಂದಾಯಿತು. 76ನೇ ನಿಮಿಷದಲ್ಲಿ ಶೋಜಿ ಜೋ ತಲೆಯಿಂದ ಹೊಡೆದು ಸಮ ಮಾಡಿದರು; ಆ ತಲೆಗೆ ಸರಿಯಾಗಿ ಚೆಂಡು ಕಳಿಸಿದವರೂ ನಕಾಟಾ. ಮುಂದಿನದು ಮೊದಲು ಗೋಲು ಹೊಡೆದವರೇ ಗೆದ್ದಂತೆ ಎಂಬ ಲೆಕ್ಕದ ಹೆಚ್ಚುವರಿ ಆಟ. ಬದಲಿಯಾಗಿ ಬಂದ ಉದ್ದ ಕೂದಲಿನ ಒಕಾನೊ ಒಂದರ ಮೇಲೊಂದು ಅವಕಾಶ ಕೈಚೆಲ್ಲಿದರು. ಪೆನಾಲ್ಟಿಗೆ ಇನ್ನೆರಡೇ ನಿಮಿಷ ಇದೆ ಎನ್ನುವಾಗ ನಕಾಟಾ ಚೆಂಡು ಹಿಡಿದು ನುಗ್ಗಿ ತಾವೇ ಒದ್ದರು. ಗೋಲ್‌ಕೀಪರ್ ತಡೆದರು. ಎದುರಿಗೆ ಉರುಳಿದ ಚೆಂಡನ್ನು ಒಕಾನೊ ಜಾರಿಕೊಂಡು ಬಂದು ಒಳಗೆ ತಳ್ಳಿದರು.

ಟುರಿನ್‌ನಲ್ಲಿ ಮೊಂಟೆಲ್ಲಾ, ಜೊಹೊರ್‌ನಲ್ಲಿ ಒಕಾನೊ. ಒಂದು ದೇಶದ ಮೊದಲ ವಿಶ್ವಕಪ್, ಇನ್ನೊಂದು ದೇಶದ ರಾಜಧಾನಿಯ ಲೀಗ್ ಪಟ್ಟ. ಎರಡೂ ಕಡೆ ನಕಾಟಾ ಒದೆತವನ್ನು ಕೀಪರ್ ತಡೆದರು, ಬೇರೆಯವರು ಮುಗಿಸಿದರು, ದಾಖಲೆಯ ಪುಸ್ತಕಕ್ಕೆ ಬೇರೆಯವರ ಹೆಸರು ಹೋಯಿತು. ದೇಶದ ಪರ 77 ಪಂದ್ಯ, 11 ಗೋಲು ಎಂಬ ಅವರ ಲೆಕ್ಕ ಓದಿದವರಿಗೆ ಇದರ ಸುಳಿವೂ ಸಿಗುವುದಿಲ್ಲ. ಗೋಲುಗಳನ್ನಷ್ಟೇ ಪೋಣಿಸಿದ ಸಂಕಲನಗಳಲ್ಲೂ ಇವೆರಡು ಇರುವುದಿಲ್ಲ. ಪೂರ್ತಿ ಪಂದ್ಯವನ್ನು ಯಾರೋ ಪುಣ್ಯಾತ್ಮರು ಅಂತರ್ಜಾಲಕ್ಕೆ ಏರಿಸಿಟ್ಟಿದ್ದರೆ ಮಾತ್ರ ಕಣ್ಣಿಗೆ ಬೀಳುತ್ತವೆ.

ಅಂತರ್ಜಾಲಕ್ಕೂ ನಕಾಟಾ ಅವರಿಗೂ ನಂಟು ಬೆಳೆದದ್ದು ನಿವೃತ್ತಿಯ ನಂತರ ಅಲ್ಲ. ಮೊಬೈಲಿನಲ್ಲಿ ರೀಲ್ಸ್ ನೋಡುವ ಹುಡುಗರಿಗೆ ಇದು ತಿಳಿದಿರಲಾರದು. 1998ರ ಆರಂಭದಲ್ಲಿ, ರಾಷ್ಟ್ರಗೀತೆಯ ಬಗ್ಗೆ ನಕಾಟಾ ಹಗುರವಾಗಿ ಮಾತಾಡಿದರು ಎಂದು ಜಪಾನಿನ ಪತ್ರಿಕೆಯೊಂದರಲ್ಲಿ ಬಂತು. ಬಲಪಂಥೀಯ ಗುಂಪುಗಳು ಸಿಡಿದೆದ್ದವು, ಬೆದರಿಕೆಗಳು ಬಂದವು. ಇಪ್ಪತ್ತೊಂದು ತುಂಬುತ್ತಿದ್ದ ಹುಡುಗ. ಆಡಿದ್ದೇ ಒಂದು, ಅಚ್ಚಾದದ್ದೇ ಇನ್ನೊಂದು ಎಂಬುದು ಅವರ ಸಂಕಟ. ಅಲ್ಲಿಂದ ಮುಂದೆ ಪತ್ರಕರ್ತರ ಮೈಕಿನ ಮುಂದೆ ಅವರ ತುಟಿ ಬಿಚ್ಚುವುದು ಅಪರೂಪವಾಯಿತು. ವಿಮಾನ ನಿಲ್ದಾಣದ ಆ ಕಪ್ಪು ಕನ್ನಡಕ ಫ್ಯಾಷನ್ ಎಂದು ಈಗ ಕಾಣುತ್ತದೆ. ಆಗ ಅದು ಮುಚ್ಚಿದ ಕಿಟಕಿಯಾಗಿತ್ತು.

ಮಾಧ್ಯಮಕ್ಕೆ ಬಾಗಿಲು ಮುಚ್ಚಿದ ಅದೇ ವರ್ಷ ಅವರು ತಮ್ಮದೇ ಒಂದು ಬಾಗಿಲು ತೆರೆದರು. ಹೆಸರು ನಕಾಟಾ ಡಾಟ್ ನೆಟ್. ತಮ್ಮ ಮಾತನ್ನು ತಾವೇ ಬರೆದು ಓದುಗರಿಗೆ ನೇರವಾಗಿ ತಲುಪಿಸುವ ಪುಟ ಅದು. 1998 ಎಂದರೆ ಯಾವ ಕಾಲ ಎಂದು ನೆನಪಿಸಿಕೊಳ್ಳಿ. ನಮ್ಮಲ್ಲಿ ಟೆಲಿಫೋನ್ ತಂತಿಗೆ ಮೋಡೆಮ್ ಸಿಕ್ಕಿಸಿ, ಅದು ಕಿರ್ರೆಂದು ಕಿರುಚಿ ಮುಗಿಸುವವರೆಗೆ ಕಾದು ಕೂರುತ್ತಿದ್ದ ದಿನಗಳು. ಆಟಗಾರನೊಬ್ಬ ಪತ್ರಿಕೆ, ಟಿವಿ ಯಾವುದನ್ನೂ ನೆಚ್ಚದೆ ಅಭಿಮಾನಿಗಳ ಜೊತೆ ನೇರವಾಗಿ ಮಾತಾಡಬಹುದು ಎಂದು ಆಗ ಯೋಚಿಸಿದವರೇ ಕಡಿಮೆ. 1999ರ ಫೆಬ್ರುವರಿಯಲ್ಲಿ ಜಪಾನಿನ ಡೊಕೊಮೊ ಕಂಪನಿ ಐ–ಮೋಡ್ ಸೇವೆ ಶುರು ಮಾಡಿತು. ಜಗತ್ತಿನ ಬಹುಪಾಲು ದೇಶಗಳಿಗಿಂತ ಎಷ್ಟೋ ಮೊದಲು ಅಲ್ಲಿನ ಜನ ರೈಲಿನಲ್ಲಿ ನಿಂತುಕೊಂಡೇ ಫೋನಿನಲ್ಲಿ ಅಂತರ್ಜಾಲ ಓದತೊಡಗಿದರು. ಇಟಲಿಯಲ್ಲಿ ಕೂತು ನಕಾಟಾ ಬರೆದದ್ದನ್ನು ಓದಲು ಸಿದ್ಧವಾದ ನಾಡು ಅದು. ಮುಂದೆ ವಿಶ್ವಕಪ್ ಸಮಯದಲ್ಲಿ ಟೋಕಿಯೊದಲ್ಲಿ ಅದೇ ಹೆಸರಿನ ಕೆಫೆಯೂ ತೆರೆಯಿತು.

ಇವತ್ತು ಬಹುತೇಕ ಎಲ್ಲ ದೊಡ್ಡ ಆಟಗಾರರಿಗೂ ಇಂಥ ಖಾತೆಗಳಿವೆ. ಅನೇಕರದನ್ನು ಬರೆಯಲು ಸಂಬಳದ ತಂಡ ಇರುತ್ತದೆ. ಸೋತ ಮರುದಿನ ಬರುವ ಕ್ಷಮೆಯ ಮಾತುಗಳೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿರುತ್ತವೆ. ನಕಾಟಾ ಪುಟ ಹುಟ್ಟಿದ್ದು ನೋವಿನಿಂದ. ಹೆಚ್ಚು ಜನರನ್ನು ಸೇರಿಸಿಕೊಳ್ಳುವ ಆಸೆಯಿಂದ ಅಲ್ಲ, ತನ್ನ ಮಾತು ತನ್ನದಾಗಿಯೇ ಉಳಿಯಲಿ ಎಂಬ ಹಟದಿಂದ. ಅದಕ್ಕೇ ಅದನ್ನು ಜನ ನಂಬಿದರು. ಮೈಕಿನ ಮುಂದೆ ಬಾಯಿ ಬಿಡದ ಮನುಷ್ಯ ತಮಗೆ ಮಾತ್ರ ಬರೆಯುತ್ತಾನೆ ಎಂಬ ಭಾವ ಎಂಥ ಅಭಿಮಾನಿಗೂ ದೊಡ್ಡದು. ಆ ಪ್ರೀತಿಯ ಬೇರು ಅಲ್ಲಿದೆ ಎಂದು ನಾನು ನಂಬಿದ್ದೇನೆ; ಕೂದಲು, ಬಟ್ಟೆ ಎಲ್ಲ ಆಮೇಲಿನದು.

ಇಟಲಿಗೆ ಹೋದಾಗಲೂ ಅನುಮಾನಗಳಿದ್ದವು. ಜಪಾನಿನವರೇ ಆದ ಯಾಸುಹಿಕೊ ಒಕುದೆರಾ 1970ರ ದಶಕದಲ್ಲೇ ಜರ್ಮನಿಯ ಕೊಲೋನ್ ತಂಡದಲ್ಲಿ ಆಡಿ ಲೀಗ್ ಗೆದ್ದಿದ್ದರು ನಿಜ. ಆದರೆ ಇಟಲಿಗೆ ಮೊದಲು ಹೋದ ಕಾಜು ಮಿಯೂರಾ 1994–95ರಲ್ಲಿ ಜಿನೋವಾ ತಂಡದಲ್ಲಿ ಒಂದೇ ಗೋಲಿಗೆ ಮುಗಿಸಿ ಮರಳಿದ್ದರು. ಹಾಗಾಗಿ 1998ರಲ್ಲಿ ಪೆರೂಜಾ ಎಂಬ ಸಣ್ಣ ತಂಡ ನಕಾಟಾರನ್ನು ಕರೆಸಿಕೊಂಡಾಗ, ಇದು ಜಪಾನಿನಲ್ಲಿ ಜೆರ್ಸಿ ಮಾರುವ ಉಪಾಯ ಎಂದವರೇ ಹೆಚ್ಚು. ಸೆಪ್ಟೆಂಬರ್ 13ರ ಮೊದಲ ಪಂದ್ಯ ಹಾಲಿ ಚಾಂಪಿಯನ್ ಯುವೆಂಟಸ್ ವಿರುದ್ಧ. ಪೆರೂಜಾ 3–4ರಿಂದ ಸೋತಿತು. ಅದರಲ್ಲಿ ಎರಡು ಗೋಲು ನಕಾಟಾ ಅವರದು. ಜೆರ್ಸಿಯ ಮಾತಾಡಿದವರು ಸುಮ್ಮನಾದರು. ಜೆರ್ಸಿಗಳೂ ಮಾರಾಟವಾದವು ಅನ್ನಿ, ಜಪಾನಿ ಪ್ರವಾಸಿಗರು ಆ ಗುಡ್ಡದ ಮೇಲಿನ ಹಳೆಯ ಊರಿಗೆ ಹಿಂಡುಹಿಂಡಾಗಿ ಬಂದರು. ನಕಾಟಾ ಆ ಋತುವಿನ ಲೀಗಿನಲ್ಲಿ 10 ಗೋಲು ಹೊಡೆದರು, ಇಟಾಲಿಯನ್ ಭಾಷೆಯಲ್ಲೇ ಉತ್ತರ ಕೊಡುವಷ್ಟು ನುಡಿ ಕಲಿತರು. 2000ದ ಜನವರಿಯಲ್ಲಿ ರೋಮಾ, 2001ರಲ್ಲಿ ಪಾರ್ಮಾ, 2002ರಲ್ಲಿ ಪಾರ್ಮಾ ಜೊತೆ ಕೊಪ್ಪಾ ಇಟಾಲಿಯಾ ಕಪ್. ಆಮೇಲೆ ಬೊಲೊನ್ಯಾ, ಫಿಯೊರೆಂಟಿನಾ, ಇಂಗ್ಲೆಂಡಿನ ಬೋಲ್ಟನ್.

ಪಾಸ್ ವಿಷಯಕ್ಕೆ ಬರುತ್ತೇನೆ. ಜಪಾನಿನಲ್ಲಿ ಅದಕ್ಕೆ ಒಂದು ಹೆಸರೇ ಇತ್ತು: ಕಿಲ್ಲರ್ ಪಾಸ್. ಸಾಮಾನ್ಯವಾಗಿ ಒಳ್ಳೆಯ ಪಾಸ್ ಎಂದರೆ ಮುಂದೆ ಇರುವವನ ಕಾಲಿಗೆ ಹೂವಿನ ಹಾಗೆ ಬಂದು ತಾಗಬೇಕು. ನಕಾಟಾ ಪಾಸ್ ಹಾಗಲ್ಲ. ಗಟ್ಟಿಯಾಗಿ, ನೆಲಕ್ಕೆ ಅಂಟಿಕೊಂಡ ಹಾಗೆ, ಓಡುತ್ತಿರುವ ಜೊತೆಗಾರ ಎರಡು ಹೆಜ್ಜೆ ಜಾಸ್ತಿ ಹಾಕಿದರೆ ಮಾತ್ರ ಸಿಗುವ ಜಾಗಕ್ಕೆ ಹೋಗುತ್ತಿತ್ತು. ಜೋರಾಯಿತು, ಹಿಡಿಯಲಾಗುವುದಿಲ್ಲ ಎಂಬ ದೂರು ಮೊದಮೊದಲು ಬರುತ್ತಿತ್ತು. ಅವರು ಮೆತ್ತಗೆ ಮಾಡಲಿಲ್ಲ. ದೊಡ್ಡ ತಂಡಗಳ ರಕ್ಷಣಾ ಸಾಲಿನ ನಡುವೆ ಬಾಗಿಲು ತೆರೆದಿರುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಆ ಹೊತ್ತಿನಲ್ಲಿ ಚೆಂಡು ಆಚೆ ಸೇರಬೇಕಾದರೆ ಅಷ್ಟು ವೇಗ ಬೇಕೇ ಬೇಕು. ಪಾಸ್ ನಿಧಾನ ಮಾಡುವುದರ ಬದಲು ಓಡುವವರು ವೇಗ ಹೆಚ್ಚಿಸಿಕೊಳ್ಳಲಿ ಎಂಬುದು ಅವರ ನಿಲುವು. ನಾನು ಇದನ್ನು ಅಹಂಕಾರ ಎನ್ನಲಾರೆ. ಜೊತೆಯವರ ಮೇಲೆ ಇಟ್ಟ ನಂಬಿಕೆ ಅದು, ಸ್ವಲ್ಪ ಕಠಿಣವಾದ ನಂಬಿಕೆ.

ಚೆಂಡು ಬರುವ ಮುಂಚಿನ ಅವರನ್ನು ಗಮನಿಸಿ. ಕತ್ತು ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ, ಮತ್ತೆ ಎಡಕ್ಕೆ ಹೊರಳುತ್ತದೆ. ಬೆನ್ನು ನೆಟ್ಟಗೆ, ಸೊಂಟ ತಗ್ಗಿ. ತಮಗಿಂತ ಅಡಿ ಎತ್ತರದ ರಕ್ಷಕ ಬಂದು ಭುಜ ಕೊಟ್ಟರೂ ಅಲುಗುವುದಿಲ್ಲ. ಚೆಂಡು ಕಾಲಿಗೆ ಬಂದಾಗ ನೋಟ ಅದರ ಮೇಲಿಲ್ಲ. ಅದು ಎಲ್ಲಿಗೆ ಹೋಗಬೇಕೆಂದು ಆಗಲೇ ನೋಡಿಟ್ಟುಕೊಂಡಿದ್ದಾರೆ. ಹದಿನೈದು ಸೆಕೆಂಡಿನ ತುಣುಕು ಮಾಡುವವರು ಕತ್ತರಿ ಹಾಕುವುದು ಸರಿಯಾಗಿ ಇಲ್ಲಿಗೇ. ಅವರಿಗೆ ಬಲೆ ಅಲುಗುವುದು ಬೇಕು, ಕತ್ತು ಹೊರಳುವುದು ಬೇಡ.

2006ರ ಜೂನ್ 22, ಜರ್ಮನಿಯ ಡೋರ್ಟ್‌ಮಂಡ್. ನಮ್ಮಲ್ಲಿ ಮಧ್ಯರಾತ್ರಿ ದಾಟಿ ಹನ್ನೆರಡೂವರೆ. ಮೈಸೂರಿನ ಹಾಸ್ಟೆಲ್ಲಿನ ಟಿವಿ ಕೋಣೆಯಲ್ಲಿ ಬ್ರೆಜಿಲ್ ಕಡೆಯವರೇ ತುಂಬಿದ್ದರು. ಜಪಾನ್ ಮೊದಲು ಗೋಲು ಹೊಡೆಯಿತು, ಆಮೇಲೆ 1–4ರಿಂದ ಸೋತು ವಿಶ್ವಕಪ್‌ನಿಂದ ಹೊರಬಿತ್ತು. ಸೀಟಿ ಊದಿದ ಮೇಲೆ ನಕಾಟಾ ಮೈದಾನದ ನಟ್ಟನಡುವೆ, ವೃತ್ತದೊಳಗೆ, ಅಂಗಾತ ಮಲಗಿಬಿಟ್ಟರು. ಒಬ್ಬಿಬ್ಬರು ಬಂದು ಮಾತಾಡಿಸಿ ಹೋದರು. ಅವರು ಏಳಲಿಲ್ಲ. ಕ್ಯಾಮೆರಾ ಬೇರೆಡೆ ಹೋಗಿ ಮತ್ತೆ ಬಂದಾಗಲೂ ಅಲ್ಲೇ ಇದ್ದರು. ಕೋಣೆಯಲ್ಲಿ ಒಬ್ಬೊಬ್ಬರೇ ಎದ್ದು ಮಲಗಲು ಹೋದರು. ಪೆಟ್ಟಾಗಿದೆಯೇನೋ ಎಂದು ನಾನು ಅಂದುಕೊಂಡೆ. ಆ ಅಂಗಳದ ಹುಲ್ಲನ್ನು ಅವರು ಬಿಟ್ಟು ಹೋಗುತ್ತಿದ್ದಾರೆ ಎಂದು ಆ ರಾತ್ರಿ ನನಗೆ ಹೊಳೆಯಲಿಲ್ಲ.

ಜುಲೈ 3ರಂದು ತಿಳಿಯಿತು. ಪತ್ರಿಕಾಗೋಷ್ಠಿ ಇಲ್ಲ, ಟಿವಿ ಸಂದರ್ಶನ ಇಲ್ಲ. ನಕಾಟಾ ಡಾಟ್ ನೆಟ್‌ನಲ್ಲಿ ಒಂದು ಉದ್ದನೆಯ ಪತ್ರ. ಎಂಟನೇ ವಯಸ್ಸಿನ ಒಂದು ಚಳಿಗಾಲ, ಯಮನಾಶಿಯ ಪ್ರಾಥಮಿಕ ಶಾಲೆಯೊಂದರ ಅಂಗಳದ ಮೂಲೆ, ಅಲ್ಲಿ ಶುರುವಾದ ಪಯಣ ಎಂದು ಅದರಲ್ಲಿ ನೆನೆದಿದ್ದರು. ಈ ವಿಶ್ವಕಪ್ಪೇ ಕೊನೆ ಎಂದು ಅರ್ಧ ವರ್ಷದ ಹಿಂದೆಯೇ ನಿರ್ಧರಿಸಿದ್ದನ್ನು ಬರೆದಿದ್ದರು. ಆಗ ಅವರಿಗೆ 29. ದೇಶ ದಂಗಾಯಿತು. ಎಂಟು ವರ್ಷದ ಹಿಂದೆ ಅವರ ಮಾತು ಬೇರೆಯವರ ಕೈಯಲ್ಲಿ ಅಚ್ಚಾಗಿತ್ತು; ಈಗ ಪತ್ರಿಕೆಗಳೂ ಟಿವಿ ಕೇಂದ್ರಗಳೂ ಅವರ ಪುಟ ತೆರೆದು, ಅವರು ಬರೆದದ್ದನ್ನು ಬರೆದ ಹಾಗೆಯೇ ಎತ್ತಿಕೊಳ್ಳಬೇಕಾಯಿತು. ಆ ಪುಟ ತೆರೆದದ್ದಕ್ಕೆ ಅದೊಂದು ದಿನ ಸಾಕಿತ್ತು ಎನ್ನಿಸುತ್ತದೆ ನನಗೆ.

ಆಮೇಲೆ ದೇಶ ದೇಶ ಸುತ್ತಿದರು. ಹೋದಲ್ಲೆಲ್ಲ ಜನ ಜಪಾನಿನ ಬಗ್ಗೆ ಕೇಳುತ್ತಿದ್ದರು, ಹೇಳಲು ತನ್ನ ಬಳಿ ಹೆಚ್ಚೇನೂ ಇಲ್ಲ ಎಂದು ಅರಿವಾಯಿತಂತೆ. 2009ರಲ್ಲಿ ದಕ್ಷಿಣದ ಒಕಿನಾವಾದಿಂದ ಹೊರಟು ಉತ್ತರದ ಹೊಕ್ಕೈಡೊವರೆಗೆ 47 ಪ್ರಾಂತಗಳನ್ನೂ ವರ್ಷಗಟ್ಟಲೆ ಸುತ್ತಿದರು. ರೈತರು, ಕುಶಲಕರ್ಮಿಗಳು, ಅಕ್ಕಿಯಿಂದ ಸಾಕೆ ಎಂಬ ಮದ್ಯ ತಯಾರಿಸುವ ಹಳೆಯ ಮನೆತನಗಳು, ಹೀಗೆ ಬಾಗಿಲು ಬಾಗಿಲಿಗೆ ಹೋದರು. 2015ರಲ್ಲಿ ಸಾಕೆಗೆಂದೇ ಕಂಪನಿ ಕಟ್ಟಿದರು. ಮರುವರ್ಷದಿಂದ ಟೋಕಿಯೊದ ರೊಪ್ಪೊಂಗಿಯಲ್ಲಿ ಸಾಕೆ ಉತ್ಸವ. ಸೀಸೆಯ ಮೇಲಿನ ಜಪಾನಿ ಅಕ್ಷರ ಹೊರಗಿನವರಿಗೆ ಓದಲು ಬರುವುದಿಲ್ಲವಲ್ಲ. ಅದಕ್ಕಾಗಿ ಅವರ ಕಂಪನಿ ಸಾಕೆನೊಮಿ ಎಂಬ ಆ್ಯಪ್ ಮಾಡಿತು. ಮೊಬೈಲನ್ನು ಲೇಬಲ್‌ನ ಮುಂದೆ ಹಿಡಿದರೆ ಸೀಸೆಯೊಳಗಿನ ವಿವರ ತೆರೆ ಮೇಲೆ ಬರುತ್ತದೆ. ಇಲ್ಲೂ ಸೀಸೆಯ ಮೇಲಿನ ಹೆಸರು ಬೇರೆಯವರದು.

ಮೊನ್ನೆ ತಂಗಿಯ ಮಗ ಮನೆಗೆ ಬಂದಿದ್ದ. ಟುರಿನ್ ವಿಡಿಯೊ ತೋರಿಸಿದ್ದಕ್ಕೆ ಪ್ರತಿಯಾಗಿ ನಾನು ಜೊಹೊರ್ ಬಾಹ್ರು ಪಂದ್ಯ ಹಾಕಿದೆ. ಅರ್ಧದಲ್ಲೇ ಎದ್ದು ಹೋಗುತ್ತಾನೆ ಎಂದುಕೊಂಡಿದ್ದೆ, ಕೂತ. ಒಕಾನೊ ಗೋಲು ತಪ್ಪಿಸಿದಾಗಲೆಲ್ಲ ತಲೆ ಮೇಲೆ ಕೈ ಹೊತ್ತ. ಕೊನೆಗೆ ಚೆಂಡು ಬಲೆ ಸೇರಿತು, ಜಪಾನಿನ ಬೆಂಚಿನಲ್ಲಿದ್ದವರೆಲ್ಲ ಮೈದಾನಕ್ಕೆ ನುಗ್ಗಿದರು.

"ಯಾರು ಮಾಮ ಹೊಡೆದಿದ್ದು?"

"ಒಕಾನೊ."

"ಅಲ್ಲ, ಅದಕ್ಕೆ ಮೊದಲು ಒದ್ದಿದ್ದು?" ಎಂದವನು ನನ್ನ ಉತ್ತರಕ್ಕೆ ಕಾಯಲಿಲ್ಲ. ಬೆರಳಿನಿಂದ ವಿಡಿಯೊವನ್ನು ಹತ್ತು ಸೆಕೆಂಡು ಹಿಂದಕ್ಕೆ ಎಳೆದು, ನಕಾಟಾ ಕಾಲಿಗೆ ಚೆಂಡು ಬರುವಲ್ಲಿ ನಿಲ್ಲಿಸಿದ.